ಎಳೆಯರ ಒಪ್ಪೊತ್ತಿನ ದುಡಿಮೆ

ಬೆಂಗಳೂರಿನ ಪೂರ್ವಭಾಗದಲ್ಲಿ, ಲಿಂಗರಾಜಪುರಕ್ಕೂ ಬಾಣಸವಾಡಿಗೂ ನಡುವೆ ಇರುವ ಕಮ್ಮನಹಳ್ಳಿಯಲ್ಲಿ, ಪ್ರೌಢಶಾಲೆಯೊಂದರ ಕನ್ನಡ ಉಪಾಧ್ಯಾಯರಾಗಿರುವ ನನ್ನ ಮಿತ್ರರೊಬ್ಬರು ಕೆಲವು ತಿಂಗಳ ಹಿಂದೆ ನನಗೊಂದು ಕಾಗದವನ್ನು ಬರೆದು ಮೂರು ಪ್ರಶ್ನೆಗಳನ್ನು ಕೇಳಿದ್ದರು. ಅವರ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನಿಗೆ ಆಗತಾನೆ ೧೪ ವರ್ಷಗಳು ತುಂಬಿದ್ದುವು. ಹುಡುಗನ ತಾಯಿಯವರು ಶಾಲೆಯ ಬಾಗಿಲಿಗೆ ಬಂದು, “ಮೇಷ್ಟ್ರೇ, ಈ ಬೀದಿಯ ಅಂಗಡಿಯವರೆಲ್ಲ ನಿಮ್ಮ ಮಾತಿಗೆ ಬೆಲೆ ಕೊಡುತ್ತಾರೆ. ಸಾಯಂಕಾಲದ ಹೊತ್ತಿಗೆ ಇವನಿಗೆ ಎಲ್ಲಾದರೂ ಒಂದು ಕೆಲಸ ನೋಡಿಕೊಡಿ. ಓದು ಮಾತ್ರ ಬಿಡಿಸುವುದಿಲ್ಲ” ಎಂದು ಕೇಳಿಕೊಂಡರಂತೆ. ಹೀಗೆ ಕೆಲಸ ಕೊಡಿಸುವುದು ನ್ಯಾಯಸಮ್ಮತವೇ? ಕೊಡಿಸಿದರೆ ಹುಡುಗನ ವಿದ್ಯೆಗೆ ಕೇಡಾಗದೆ ಇರುವ ಬಗೆ ಯಾವುದು? ಇಂಥ ಕೆಲಸಕ್ಕೆ ಕನ್ನಡದಲ್ಲಿ ಏನೆಂದು ಹೆಸರು? ಈ ಮೂರರಲ್ಲಿ ಕಡೆಯದನ್ನು ಅವರು ವಿನೋದಕ್ಕಾಗಿ ಸೇರಿಸಿದ್ದರೆಂದು ತೋರುತ್ತದೆ. ನಾನಾದರೋ ಅದರಿಂದಲೇ ಆರಂಭಿಸುತ್ತೇನೆ. ಅದರಿಂದ ಮಿಕ್ಕೆರಡಕ್ಕೂ ದಾರಿಯಾಗುವುದೆಂದು ನನ್ನ ನಂಬಿಕೆ.

ವಿದ್ವತ್ಪತ್ರಿಕೆಯಲ್ಲಿ ಅಂಗಡಿಯ ಹುಡುಗರ ಪ್ರಸ್ತಾಪವೇಕೆಂದು ವಾಚಕಮಹಾಶಯರು ಆಕ್ಷೇಪಿಸಬಹುದು. ನಮ್ಮಲ್ಲಿ ಬಹುಮಂದಿ ಉಪಾಧ್ಯಾಯರು. ಬಡಮಕ್ಕಳ ತಾಯಿತಂದೆಗಳು ಇಂಥ ವಿಷಯದಲ್ಲಿ ಮೊದಲು ಬಂದು ಕೇಳುವುದು ನಮ್ಮನ್ನೇ. ಕೇಳಿದಾಗ ‘ನನಗೆ ತಿಳಿಯದು’ ಎಂದರೆ ಆ ಹುಡುಗನಿಗೆ ಕೆಲಸ ಸಿಕ್ಕದೆ ಹೋಗುವುದಿಲ್ಲ. ನಮಗೆ ತಿಳಿಯದ ಕಡೆಯಲ್ಲಿ, ನಮಗೆ ತಿಳಿಯದ ಕರಾರಿನ ಮೇಲೆ ಸಿಕ್ಕುತ್ತದೆ.

೧

ಈಗ ಪತ್ರಿಕೆಗಳಲ್ಲಿ ವಾಡಿಕೆಯಾಗಿರುವ ‘ಅರೆಕಾಲಿಕ ಕೆಲಸ’ ಎಂಬುದು ಹೊಸದಾಗಿ ಕಟ್ಟಿದ ಮಾತು. ಗಡಿಯಾರದ ಗಂಟೆಗೆ ಕೂಲಿಯನ್ನು ಕಟ್ಟುವ ಪದ್ಧತಿಯು ಬಂದ ಮೇಲಲ್ಲದೆ ಅಂಥ ಮಾತಿಗೆ ಅವಕಾಶವಿಲ್ಲ. ಹಳ್ಳಿಯವರು ‘ಒಪ್ಪೊತ್ತಿನ ಕೆಲಸ’ ಎನ್ನುವರು. ಹೊತ್ತಿನ ಲೆಕ್ಕವು ಊಟದಿಂದ ಊಟಕ್ಕೆ. ನನಗೆ ಈ ಮಾತೇ ಹೆಚ್ಚು ರುಚಿಸುವುದರಿಂದ ತಲೆಬರಹದಲ್ಲಿ ಅದನ್ನೇ ಇಟ್ಟಿದ್ದೇನೆ.

ದುಡಿಮೆಗೆ ಪ್ರತಿಫಲವನ್ನು ಸೂಚಿಸುವ ನಮ್ಮ ಮಾತುಗಳ ಚರಿತ್ರೆಯು ವಿಚಾರಾರ್ಹವಾದುದು. ‘ಕೂಲಿ’ ಎಂಬುದು ದ್ರಾವಿಡಭಾಷೆಗಳಿಗೆ ಸಾಮಾನ್ಯವಾದ ಶಬ್ದ. ‘ಸಂಬಳ’ವು ಸಂಸ್ಕೃತದ ಶಂಬಲ ಶಬ್ದದಿಂದ ಬಂದುದು; ಅದರ ಮೂಲಾರ್ಥ ದಾರಿಯ ಬುತ್ತಿ. ‘ನೌಕರಿ’ಯು ಪಾರಸಿಯಿಂದ ಬಂದಿತು. ‘ಬಿಟ್ಟಿ’ಯು ವಿಷ್ಟಿಯ ತದ್ಭವ, ಪ್ರತಿಫಲವಿಲ್ಲದೆ ಬಲಾತ್ಕಾರದಿಂದ ಮಾಡಿಸಿಕೊಳ್ಳುವ ಕೆಲಸವೆಂದು ಅರ್ಥ. ಇವೆಲ್ಲಕ್ಕಿಂತ ಹೆಚ್ಚಾಗಿ ನೋಡತಕ್ಕುದು ‘ಜೀತ’ ಶಬ್ದವನ್ನು. ಜೀವಿತವೇ ಜೀತವಾಯಿತು. ಶಾಸನಗಳಲ್ಲಿ ಜೀವಿತವೆಂದರೆ ಒಬ್ಬನ ಜೀವನಕ್ಕಾಗಿ ಬಿಟ್ಟುಕೊಟ್ಟ ಭೂಮಿ ಅಥವಾ ಆದಾಯ. ಅದು ಮಾನದ ಮಾತು. ಒಡೆಯನ ಅನ್ನದ ಋಣವನ್ನು ಪ್ರಾಣಕೊಟ್ಟು ತೀರಿಸುವ ‘ಜೋಳದಪಾಳಿ’ಯನ್ನು ಹಳಗನ್ನಡದ ಕವಿಗಳು ವೀರರ ಗುಣವೆಂದು ಕೊಂಡಾಡಿದ್ದಾರೆ. ಅದೇ ಜೀತವು ಕಾಲಕ್ರಮದಲ್ಲಿ ಸಾಲಕ್ಕಾಗಿ ಅಡವಿಟ್ಟ ಮನುಷ್ಯನ ದುಡಿಮೆಗೆ ಹೆಸರಾಯಿತು. ೧೯೭೬ರಲ್ಲಿ ಪಾರ್ಲಿಮೆಂಟು ಕಾನೂನಿನಿಂದ ಅದನ್ನು ರದ್ದುಮಾಡಬೇಕಾಗಿ ಬಂದಿತು. ಒಡೆಯನೂ ಆಳೂ ಲೆಕ್ಕವನ್ನು ಆಡಿಕೊಳ್ಳದೆ, ‘ಋಣ’, ‘ಅನ್ನ’, ‘ಮನೆತನ’ ಎಂಬ ದೊಡ್ಡ ಮಾತುಗಳಲ್ಲಿ ಬಿಟ್ಟುದರಿಂದಲೇ ಈ ಶಬ್ದವು ಹೀಗೆ ಕೆಳಕ್ಕಿಳಿಯಿತೆಂದು ನನ್ನ ಊಹೆ.

ಈ ಊಹೆಗೆ ಇಂದಿನ ಬೀದಿಯಲ್ಲಿಯೂ ಆಧಾರವುಂಟು. ಹುಡುಗನನ್ನು ಕೆಲಸಕ್ಕೆ ಕೇಳಿಕೊಂಡು ಹೋದಾಗ ಅಂಗಡಿಯವರು, “ಅವನೇನು ಹೊರಗಿನವನೇ? ನಮ್ಮ ಮನೆಯ ಹುಡುಗನ ಹಾಗೆ ನೋಡಿಕೊಳ್ಳುತ್ತೇವೆ” ಎನ್ನುವರು. ಸದುದ್ದೇಶದಿಂದಲೇ ಹೇಳಿದರೂ ಹೇಳಿರಬಹುದು. ಆದರೆ ಮನೆಯ ಹುಡುಗನಿಗೆ ಸಂಬಳವಿಲ್ಲ, ವಾರದ ರಜವಿಲ್ಲ, ಮನೆಗೆ ಹೋಗುವ ಹೊತ್ತೂ ಇಲ್ಲ. ಅಣ್ಣ, ಅಕ್ಕ, ತಮ್ಮ ಎಂಬ ಸಂಬೋಧನೆಗಳು ನಮ್ಮ ಮಾತಿಗೆ ಭೂಷಣವೇ ಸರಿ. ಅವು ಕರಾರಿನ ಸ್ಥಾನದಲ್ಲಿ ಬಂದು ಕೂತಾಗ ಉಪಾಧ್ಯಾಯನು ಸ್ವಲ್ಪ ಎಚ್ಚರಗೊಳ್ಳಬೇಕು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಹೇಳಿದ ಕಥೆಯನ್ನು ನಾವು ತರಗತಿಯಲ್ಲಿ ನಿರ್ಲೋಭಕ್ಕೆ ದೃಷ್ಟಾಂತವಾಗಿ ಬೋಧಿಸುತ್ತೇವೆ. ತನ್ನ ಕಾಯಕಕ್ಕೆ ಎಷ್ಟು ಸಲ್ಲುವುದೆಂಬ ಖಚಿತವಾದ ಅಳತೆಯು ಆಕೆಗೆ ತಿಳಿದಿತ್ತೆಂಬುದನ್ನೂ ಅದರೊಡನೆ ಬೋಧಿಸಬಹುದು.

೨

ಓದುವ ಹುಡುಗರು ದುಡಿಯುವುದು ನಮ್ಮ ನಾಡಿಗೆ ಹೊಸದಲ್ಲ. ಹಿಂದಿನ ತಲೆಮಾರುಗಳಲ್ಲಿ ‘ವಾರಾನ್ನ’ವೆಂಬ ಪದ್ಧತಿಯಿತ್ತು. ಪರಸ್ಥಳದಿಂದ ಓದಲು ಬಂದ ಬಡಹುಡುಗನು ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವನು. ಅದು ದಾನವೆಂದೇ ಹೆಸರು. ಆದರೂ ಆ ಹುಡುಗನು ಬಾವಿಯಿಂದ ನೀರು ಸೇದುವುದು, ಪೂಜೆಗೆ ಹೂ ಬಿಡಿಸಿ ತರುವುದು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಇತ್ಯಾದಿಗಳನ್ನು ಮಾಡುತ್ತಿದ್ದುದನ್ನು ಹಿರಿಯರ ಬಾಯಿಂದ ಕೇಳಿದ್ದೇವೆ. ದಾನವೆಂಬ ಹೆಸರಿನಿಂದ ಕೆಲಸವು ಮರೆಯಾಯಿತು. ಅದರೊಡನೆ ಅಳತೆಯೂ ಮರೆಯಾಯಿತು.

ಇದಕ್ಕಿಂತ ನೇರವಾದುದು ಮನೆಪಾಠ. ಮುದ್ದೇನಹಳ್ಳಿಯಿಂದ ಬಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ೧೮೮೧ರಲ್ಲಿ ಬಿ.ಎ. ಪದವಿಯನ್ನು ಪಡೆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ವಿದ್ಯಾರ್ಥಿದೆಸೆಯಲ್ಲಿ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠಹೇಳಿ ತಮ್ಮ ವೆಚ್ಚವನ್ನು ಸಾಗಿಸಿಕೊಂಡರೆಂಬುದು ಪ್ರಸಿದ್ಧವಾಗಿದೆ. ಅದು ತಕ್ಕ ಕೆಲಸ. ಕಲಿತುದನ್ನೇ ಕಲಿಸಿ ಸಂಪಾದಿಸುವಾಗ ಕಲಿಕೆಯು ಗಟ್ಟಿಯಾಗುತ್ತದೆ. ಮುಂದೆ ಅವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿಯೇ, ೧೯೧೩ರಲ್ಲಿ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ನು ಆ ಸಂಸ್ಥಾನದಲ್ಲಿ ಜಾರಿಗೆ ಬಂದಿತೆಂಬುದನ್ನು ಇಲ್ಲಿ ನೆನೆಯಬಹುದು.

ಇನ್ನೊಂದು ಪ್ರಸಿದ್ಧ ಉದಾಹರಣೆಯು ರಾಮೇಶ್ವರದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ರೈಲು ನಿಲ್ಲುತ್ತಿರಲಿಲ್ಲವಾಗಿ, ಓಡುವ ಗಾಡಿಯಿಂದ ಎಸೆದ ವೃತ್ತಪತ್ರಿಕೆಗಳ ಕಟ್ಟನ್ನು ಆಯ್ದು ಹಂಚುವ ಕೆಲಸದಲ್ಲಿ ಬಾಲಕ ಅಬ್ದುಲ್ ಕಲಾಮರು ತಮ್ಮ ಬಂಧುವಿಗೆ ನೆರವಾದರು. ಇಂಥ ಕಥೆಗಳನ್ನು ನಾವು ಮಕ್ಕಳಿಗೆ ಉತ್ಸಾಹದಿಂದ ಹೇಳುತ್ತೇವೆ. ಆದರೆ ಒಬ್ಬರು ಹಾಗೆ ದುಡಿದು ರಾಷ್ಟ್ರಪತಿಗಳಾದರೆಂಬುದರಿಂದ, ಅದೇ ವಯಸ್ಸಿನಲ್ಲಿ ದುಡಿಮೆಗೆ ಬಿದ್ದು ಶಾಲೆಯನ್ನು ಬಿಟ್ಟವರ ಗತಿಯೇನಾಯಿತೆಂಬುದು ತಿಳಿಯುವುದಿಲ್ಲ. ಅವರು ಆತ್ಮಕಥೆಯನ್ನು ಬರೆಯಲಿಲ್ಲ.

೩

ಇನ್ನು ಕಾನೂನಿನ ವಿಚಾರ. ಇದು ಒಂದೇ ಸಲಕ್ಕೆ ಹುಟ್ಟಿದುದಲ್ಲ. ಬ್ರಿಟಿಷ್ ಇಂಡಿಯದ ೧೮೮೧ರ ಫ್ಯಾಕ್ಟರಿ ಕಾನೂನು ೭ ವರ್ಷ ತುಂಬಿದ ಮಗುವನ್ನು ಕಾರ್ಖಾನೆಯಲ್ಲಿ ದಿನಕ್ಕೆ ೯ ಗಂಟೆಗಳ ಕಾಲ ದುಡಿಸಲು ಅವಕಾಶವಿತ್ತಿತ್ತು. ಮಿತಿಯನ್ನು ಹಾಕಿದುದೇ ಅಂದಿಗೆ ದೊಡ್ಡ ಸುಧಾರಣೆ. ೧೮೯೧ರಲ್ಲಿ ಆ ವಯಸ್ಸು ೯ಕ್ಕೂ, ೧೯೨೨ರಲ್ಲಿ ೧೨ಕ್ಕೂ ಏರಿತು. ತಾಯಿತಂದೆಗಳು ಮಕ್ಕಳ ದುಡಿಮೆಯನ್ನು ಅಡವಿಡುವುದನ್ನು ೧೯೩೩ರ ಕಾನೂನು ನಿಷೇಧಿಸಿತು. ಸ್ವತಂತ್ರ ಭಾರತದ ಸಂವಿಧಾನವು ೨೪ನೆಯ ಅನುಚ್ಛೇದದಲ್ಲಿ ೧೪ ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿ ಮತ್ತು ಅಪಾಯಕರವಾದ ಉದ್ಯೋಗಗಳಿಂದ ದೂರವಿಟ್ಟಿತು. ೧೯೮೬ರ ಬಾಲಕಾರ್ಮಿಕ ಕಾನೂನು ಕೆಲವು ಉದ್ಯೋಗಗಳಲ್ಲಿ ಮಾತ್ರ ನಿಷೇಧವನ್ನೂ ಮಿಕ್ಕವುಗಳಲ್ಲಿ ನಿಯಂತ್ರಣವನ್ನೂ ವಿಧಿಸಿತ್ತು. ೨೦೦೬ರಲ್ಲಿ ಮನೆಗೆಲಸ, ಹೋಟೆಲು, ಚಹದಂಗಡಿ ಮೊದಲಾದುವು ನಿಷೇಧದ ಪಟ್ಟಿಗೆ ಸೇರಿದುವು. ೨೦೧೬ರ ತಿದ್ದುಪಡಿಯಿಂದ ಕಾನೂನಿನ ಸ್ವರೂಪವೇ ಬದಲಾಯಿತು. ಈಗ ಅದರ ಹೆಸರಿನಲ್ಲಿ ಬಾಲರೊಡನೆ ಕಿಶೋರರೂ ಸೇರಿದ್ದಾರೆ.

ಅದರಂತೆ ೧೪ ವರ್ಷಗಳು ತುಂಬದ ಮಗುವನ್ನು ಯಾವ ಉದ್ಯೋಗದಲ್ಲಿಯೂ ನೇಮಿಸಿಕೊಳ್ಳಕೂಡದು. ಇದಕ್ಕೆ ಎರಡೇ ಅಪವಾದಗಳು. ಅಪಾಯವಿಲ್ಲದ ಸ್ವಂತ ಕುಟುಂಬದ ಕಸಬಿನಲ್ಲಿ ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ನೆರವಾಗಬಹುದು. ಸಿನಿಮಾ, ಜಾಹಿರಾತು, ದೂರದರ್ಶನಗಳಲ್ಲಿ ನಿಯಮಗಳಿಗೆ ಒಳಪಟ್ಟು ಕಲಾವಿದರಾಗಬಹುದು. ಬಾಲಕಲಾವಿದರ ಸಂಪಾದನೆಯಲ್ಲಿ ಶೇಕಡ ೨೦ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿಯೇ ನಿಶ್ಚಿತ ಠೇವಣಿಯಾಗಿ ಇಡಬೇಕೆಂದು ನಿಯಮವಿದೆ. ಆದುದರಿಂದ ೧೩ ವರ್ಷದ ಬಾಲಕನನ್ನು ಪರರ ಅಂಗಡಿಗೆ ಶಿಫಾರಸುಮಾಡಿದ ಉಪಾಧ್ಯಾಯನು, ಎಷ್ಟೇ ಕನಿಕರದಿಂದ ಮಾಡಿರಲಿ, ಆ ಅಂಗಡಿಯವನನ್ನು ಅಪರಾಧಕ್ಕೆ ಹಚ್ಚಿದಂತಾಯಿತು. ಶಿಕ್ಷೆಯು ೬ ತಿಂಗಳಿಗೆ ಕಡಮೆಯಿಲ್ಲದೆ ೨ ವರ್ಷಗಳವರೆಗಿನ ಕಾರಾಗೃಹವಾಸ, ಅಥವಾ ೨೦,೦೦೦ದಿಂದ ೫೦,೦೦೦ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ.

೧೪ ತುಂಬಿ ೧೮ ತುಂಬದವರು ಕಿಶೋರರು. ನಮ್ಮ ಮಿತ್ರರ ವಿದ್ಯಾರ್ಥಿಯು ಈ ವರ್ಗಕ್ಕೆ ಸೇರಿದವನು. ಗಣಿ, ಸ್ಫೋಟಕ ಮತ್ತು ಉರಿಯುವ ಪದಾರ್ಥಗಳು, ಅಪಾಯಕರವೆಂದು ಗೊತ್ತುಮಾಡಿದ ಪ್ರಕ್ರಿಯೆಗಳು, ಇವುಗಳಲ್ಲಿ ಇವರನ್ನು ನೇಮಿಸಲಾಗದು. ಪೆಟ್ರೋಲು ಬಂಕಿನ ಕೆಲಸವನ್ನು ಇದರಿಂದಲೇ ಬಿಡತಕ್ಕದ್ದು. ಮಿಕ್ಕ ಅಂಗಡಿ, ಹೋಟೆಲು, ವರ್ಕ್‌ಷಾಪು ಮೊದಲಾದೆಡೆಗಳಲ್ಲಿ ದುಡಿಯಬಹುದಾದರೂ ಹೊತ್ತಿಗೆ ಕಟ್ಟುಪಾಡುಂಟು. ೩ ಗಂಟೆಗಳಿಗೆ ಮೀರಿ ಎಡೆಬಿಡದೆ ದುಡಿಸಬಾರದು. ನಡುವೆ ೧ ಗಂಟೆಯಾದರೂ ಬಿಡುವಿರಬೇಕು. ಬಿಡುವೂ ಕಾಯುವ ಹೊತ್ತೂ ಸೇರಿ ದಿನಕ್ಕೆ ೬ ಗಂಟೆಗಳನ್ನು ಮೀರಬಾರದು. ಸಂಜೆ ೭ರಿಂದ ಬೆಳಿಗ್ಗೆ ೮ರವರೆಗೆ ಕೆಲಸವೇ ಕೂಡದು. ಹೆಚ್ಚುವರಿ ದುಡಿಮೆ ಇಲ್ಲ. ಒಂದೇ ದಿನ ಎರಡು ಕಡೆ ದುಡಿಯುವಂತಿಲ್ಲ. ವಾರಕ್ಕೊಂದು ಪೂರ್ಣದಿನ ರಜ. ಕಿಶೋರನನ್ನು ಇಟ್ಟುಕೊಂಡವನು ೩೦ ದಿನಗಳೊಳಗೆ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರಿಗೆ ಬರೆದು ತಿಳಿಸಬೇಕು. ಹುಡುಗನ ಹೆಸರು, ಹುಟ್ಟಿದ ದಿನ, ಕೆಲಸದ ವೇಳೆ ಇವುಗಳ ರಿಜಿಸ್ಟರನ್ನು ಇಡಬೇಕು.

ಈಗ ಈ ನಿಯಮವನ್ನು ಕಮ್ಮನಹಳ್ಳಿಯ ಬೀದಿಗೆ ತಂದು ಹಿಡಿದು ನೋಡೋಣ. ಶಾಲೆಯು ಬಿಡುವುದು ಸುಮಾರು ೪-೩೦ಕ್ಕೆ. ಮನೆಗೆ ಬಂದು ಮುಖ ತೊಳೆದು ಏನಾದರೂ ತಿಂದು ಹೊರಡುವ ಹೊತ್ತಿಗೆ ೫ ಗಂಟೆ. ೭ಕ್ಕೆ ನಿಲ್ಲಿಸಬೇಕಾದುದರಿಂದ ಶಾಲೆಯ ದಿನಗಳಲ್ಲಿ ನ್ಯಾಯವಾಗಿ ಉಳಿಯುವುದು ೨ ಗಂಟೆ ಮಾತ್ರ. ಆದರೆ ಈ ಬೀದಿಯಲ್ಲಿ ವ್ಯಾಪಾರವು ಏರುವುದೇ ೭ರ ಮೇಲೆ! ಬಟ್ಟೆಯಂಗಡಿಗಳೂ ತಿನಿಸಿನಂಗಡಿಗಳೂ ದೀಪ ಹತ್ತಿದ ಮೇಲೆ ತುಂಬುತ್ತವೆ. ಮಾಲೀಕನಿಗೆ ಹುಡುಗನು ಬೇಕಾಗುವುದು ಆಗ. ಹಾಗೆಯೇ ಹುಡುಗರ ಪಾಲಿಗೆ ಅತ್ಯಂತ ಸಹಜವೆಂದು ನಾವೆಲ್ಲ ತಿಳಿದಿರುವ ಪತ್ರಿಕೆ ಹಂಚುವ ಕೆಲಸವು ನಡೆಯುವುದು ಬೆಳಗಿನ ೫ರಿಂದ ೭ರವರೆಗೆ. ಅದನ್ನು ಮಾಡಿಸುವ ಏಜೆಂಟನದು ಒಂದು ಸಂಸ್ಥೆಯೆಂದು ಎಣಿಸಿದ ಪಕ್ಷದಲ್ಲಿ ಅದೂ ನಿಷಿದ್ಧವಾದ ಹೊತ್ತಿನಲ್ಲಿಯೇ ಬೀಳುತ್ತದೆ. ಕಾನೂನು ಕೊಟ್ಟ ವೇಳೆಯಲ್ಲಿ ಅಂಗಡಿಗೆ ಹುಡುಗನು ಬೇಡ. ಅಂಗಡಿಗೆ ಬೇಕಾದ ವೇಳೆಯಲ್ಲಿ ಕಾನೂನಿಗೆ ಒಪ್ಪಿಗೆಯಿಲ್ಲ. ‘ಎರಡೇ ಗಂಟೆ’ ಎಂದು ಆರಂಭವಾದ ಕೆಲಸವು ತಿಂಗಳು ತಿರುಗುವುದರೊಳಗೆ ರಾತ್ರಿ ೧೦ರವರೆಗೆ ಬೆಳೆಯುವುದೂ, ಮರುದಿನ ಮೊದಲನೆಯ ಪಾಠದಲ್ಲಿ ಹುಡುಗನು ತೂಕಡಿಸುವುದೂ ಇದರಿಂದಲೇ. ಹಳೆಗನ್ನಡ ಪದ್ಯದ ದೋಷವಿದಲ್ಲವೆಂದು ನಾವು ಉಪಾಧ್ಯಾಯರು ತಿಳಿಯಬೇಕು.

ದಾರಿ ಇಲ್ಲವೇ? ಉಂಟು. ಶನಿವಾರದ ಮಧ್ಯಾಹ್ನ, ಭಾನುವಾರದ ಹಗಲು, ದಸರೆಯ ಮತ್ತು ಬೇಸಗೆಯ ರಜೆಗಳು, ಇವೇ ಓದುವ ಹುಡುಗನ ನಿಜವಾದ ದುಡಿಮೆಯ ಕಾಲ. ಶಾಲೆಯ ದಿನಗಳ ಸಂಜೆಯನ್ನು ಬಿಟ್ಟುಬಿಡುವುದೇ ಮೇಲೆಂದು ನನ್ನ ಅಭಿಪ್ರಾಯ.

ಕರಾರಿನ ವಿಷಯದಲ್ಲಿಯೂ ಒಂದು ಮಾತು. ೧೮ ತುಂಬದವನು ಮಾಡಿಕೊಂಡ ಕರಾರು ಮೊದಲಿನಿಂದಲೇ ಶೂನ್ಯವೆಂದು ೧೯೦೩ರಲ್ಲಿ ಪ್ರಿವಿ ಕೌನ್ಸಿಲು ಮೊಹರಿ ಬೀಬಿಯ ಪ್ರಸಿದ್ಧ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಬಾಲರನ್ನು ಸಾಲಗಾರರಿಂದ ಕಾಪಾಡಲು ಹುಟ್ಟಿದ ಈ ತತ್ತ್ವವು ಕೆಲವೊಮ್ಮೆ ಬಾಲರನ್ನೇ ತಿವಿಯುತ್ತದೆ. ರಾಜರಾಣಿ ಎಂಬ ಬಾಲನಟಿಯ ಪರವಾಗಿ ಆಕೆಯ ತಂದೆಯು ಚಿತ್ರನಿರ್ಮಾಪಕರಾದ ಪ್ರೇಮ್ ಅದೀಬರೊಡನೆ ಕರಾರು ಮಾಡಿಕೊಂಡಿದ್ದನು. ಅದು ಮುರಿದಾಗ ಹೂಡಿದ ದಾವೆಯಲ್ಲಿ, ಅಪ್ರಾಪ್ತವಯಸ್ಕಳ ಮಾತಿಗೆ ಕಾನೂನಿನ ಬೆಲೆಯಿಲ್ಲದುದರಿಂದ ತಂದೆಯ ಕರಾರೂ ನಿಲ್ಲದೆಂದು ಮುಂಬಯಿಯ ಹೈಕೋರ್ಟು ಹೇಳಿತು. ಆದಕಾರಣ ಅಂಗಡಿಯವನ ಕೈಯಲ್ಲಿ ಬರೆಸಿಕೊಂಡ ಚೀಟಿಯನ್ನು ನಂಬಿ ನ್ಯಾಯಸ್ಥಾನಕ್ಕೆ ಹೋಗುತ್ತೇವೆಂದು ಯಾರೂ ತಿಳಿಯಬಾರದು. ಆದರೂ ಬರೆಸಿಕೊಳ್ಳುವುದು ಒಳ್ಳೆಯದು. ಬರೆದ ಮಾತನ್ನು ಮರೆತೆನೆನ್ನುವುದು ಆಡಿದ ಮಾತನ್ನು ಮರೆತೆನೆನ್ನುವಷ್ಟು ಸುಲಭವಲ್ಲ.

ಇದನ್ನು ನಾನು ಸ್ವಾನುಭವದಿಂದ ಹೇಳುತ್ತಿದ್ದೇನೆ. ೧೫ನೆಯ ವಯಸ್ಸಿನಲ್ಲಿ ಬೇಸಗೆಯ ರಜದಲ್ಲಿ ಒಂದು ಪುಸ್ತಕದಂಗಡಿಯಲ್ಲಿ ಧೂಳು ಕೊಡಹುವ ಕೆಲಸಕ್ಕೆ ಸೇರಿದ್ದೆನು. ಸಂಬಳವೆಷ್ಟೆಂದು ನಾನು ಕೇಳಲಿಲ್ಲ. ಮಾಲೀಕರು ನಮ್ಮ ತಂದೆಯ ಪರಿಚಿತರು, ಕೇಳುವುದು ಅಮರ್ಯಾದೆಯೆಂದು ಮನೆಯಲ್ಲಿ ಹೇಳಿದ್ದರು. ತಿಂಗಳ ಕಡೆಯಲ್ಲಿ ಅವರು ನನ್ನ ಬೆನ್ನು ತಟ್ಟಿ, ಪಠ್ಯವು ಬದಲಾದುದರಿಂದ ಮಾರಾಟವಾಗದೆ ಉಳಿದಿದ್ದ ಎಂಟು ಗೈಡುಗಳನ್ನು ಕಟ್ಟಿಕೊಟ್ಟರು. ಆ ಗೈಡುಗಳಲ್ಲಿ ಒಂದು ಈಗಲೂ ನನ್ನಲ್ಲಿದೆ.

೪

ಕರ್ಣಾಟಕದಲ್ಲಿಯೇ ನಡೆದ ಒಂದು ವೃತ್ತಾಂತವು ನಮ್ಮ ವಿಷಯಕ್ಕೆ ಅತಿ ಸಮೀಪವಾದುದು. ಅದು ಸಾಹಿತ್ಯೋಪಾಧ್ಯಾಯರಿಗೆ ಅಷ್ಟಾಗಿ ಪರಿಚಿತವಲ್ಲ. ಬೆಂಗಳೂರಿನ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಎಂಬ ಸಂಸ್ಥೆಯ ಆಶ್ರಯದಲ್ಲಿ ದುಡಿಯುವ ಮಕ್ಕಳು ೧೯೯೦ರಲ್ಲಿ ‘ಭೀಮ ಸಂಘ’ವೆಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ‘ಭೀಮ ಪತ್ರಿಕೆ’ ಎಂಬ ಗೋಡೆಪತ್ರಿಕೆಯೂ ಅವರಿಗಿತ್ತು. ೧೯೯೬ರ ನವೆಂಬರ್-ಡಿಸೆಂಬರಿನಲ್ಲಿ ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ದಕ್ಷಿಣ ಕನ್ನಡದ ಕರಾವಳಿಯ ಕುಂದಾಪುರದಲ್ಲಿ ಮೊದಲ ಬಾರಿಗೆ ಸಭೆ ಸೇರಿದರು. ಅಲ್ಲಿ ಅವರು ಹತ್ತು ಅಂಶಗಳ ಒಂದು ಘೋಷಣೆಯನ್ನು ಮಾಡಿದರು. ತಮ್ಮ ವಿಷಯದ ತೀರ್ಮಾನಗಳಲ್ಲಿ ತಮ್ಮನ್ನು ಕೇಳಬೇಕು. ಮಕ್ಕಳು ಮಾಡಿದ ವಸ್ತುಗಳನ್ನು ಬಹಿಷ್ಕರಿಸುವುದರಿಂದ ತಮಗೆ ಹಿತವಾಗದು. ಶೋಷಣೆಯು ಬೇಡ, ಮಾನವುಳ್ಳ ಕೆಲಸವೂ ಓದಿಗೂ ಆಟಕ್ಕೂ ಎಡೆಯಿರುವ ವೇಳೆಯೂ ಬೇಕು, ಎಂಬುದು ಅದರ ಕೆಲವು ಅಂಶಗಳ ತಾತ್ಪರ್ಯ.

ಅದೇ ಡಿಸೆಂಬರ್ ೧೦ರಂದು ಸುಪ್ರೀಂ ಕೋರ್ಟು ಶಿವಕಾಶಿಯ ಬೆಂಕಿಪೊಟ್ಟಣ ಮತ್ತು ಪಟಾಕಿಗಳ ಕಸಬಿನ ಬಾಲಕಾರ್ಮಿಕರನ್ನು ಕುರಿತು ಎಂ. ಸಿ. ಮೆಹತಾ ಮೊಕದ್ದಮೆಯ ತೀರ್ಪನ್ನು ಕೊಟ್ಟಿತು. ಅಪಾಯಕರವಾದ ಕೆಲಸಕ್ಕೆ ಮಗುವನ್ನು ಹಚ್ಚಿದ ಮಾಲೀಕನು ಪ್ರತಿ ಮಗುವಿಗೂ ೨೦,೦೦೦ ರೂಪಾಯಿಗಳನ್ನು ನಿಧಿಗೆ ಕಟ್ಟಬೇಕೆಂದೂ, ಅಪಾಯವಿಲ್ಲದ ಕೆಲಸಗಳಲ್ಲಿ ದಿನಕ್ಕೆ ೪ರಿಂದ ೬ ಗಂಟೆಗಳನ್ನು ಮೀರದೆ, ಮಾಲೀಕನ ವೆಚ್ಚದಲ್ಲಿ ದಿನವೂ ೨ ಗಂಟೆಗಳ ವಿದ್ಯಾಭ್ಯಾಸವು ನಡೆಯಬೇಕೆಂದೂ ವಿಧಿಸಿತು.

ಕುಂದಾಪುರದ ಮಕ್ಕಳ ನಿಲುವನ್ನು ಒಪ್ಪದವರು ಅನೇಕರು. ಮಕ್ಕಳ ದುಡಿಮೆಗೆ ಮಾನವನ್ನು ಕೊಟ್ಟರೆ ಬಡತನಕ್ಕೇ ಶಾಶ್ವತವಾದ ಪಟ್ಟವನ್ನು ಕಟ್ಟಿದಂತಾಗುವುದೆಂಬುದು ಅವರ ವಾದ. ೧೪ರ ಒಳಗಿನವರ ವಿಷಯದಲ್ಲಿ ನಾನೂ ಆ ಪಕ್ಷದವನೇ. ೨೦೦೯ರ ಶಿಕ್ಷಣದ ಹಕ್ಕಿನ ಕಾನೂನು ೬ರಿಂದ ೧೪ ವರ್ಷದವರೆಗಿನ ಮಕ್ಕಳನ್ನು ಶಾಲೆಗೆ ಒಪ್ಪಿಸಿದ ಮೇಲೆ ಅಲ್ಲಿ ಚರ್ಚೆಗೆ ಹೆಚ್ಚು ಎಡೆಯಿಲ್ಲ. ಆದರೆ ಕಷ್ಟವಿರುವುದು ೧೪ರಿಂದ ೧೮ರ ನಡುವೆ. ಅಲ್ಲಿ ಕಡ್ಡಾಯ ಶಿಕ್ಷಣದ ಕಾವಲು ನಿಂತುಹೋಗುತ್ತದೆ, ದುಡಿಮೆಯ ಬಾಗಿಲು ತೆರೆಯುತ್ತದೆ, ಅದೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಮುಂಚಿನ ವರ್ಷದಲ್ಲಿ. ಆ ಬಾಗಿಲಲ್ಲಿ ಸದ್ಯಕ್ಕೆ ನಿಂತಿರುವವನು ತರಗತಿಯ ಉಪಾಧ್ಯಾಯನೊಬ್ಬನೇ. ಮತ್ತು ಮಕ್ಕಳನ್ನೇ ಕೇಳಬೇಕೆಂಬ ಅವರ ಮೊದಲನೆಯ ಮಾತನ್ನು ಯಾವ ಪಕ್ಷದವರೂ ತಳ್ಳಿಹಾಕಲಾರರು. ನಾನು ಮಿತ್ರರಿಗೆ ಬರೆದ ಉತ್ತರದಲ್ಲಿ, ತಾಯಿಯವರ ಮಾತನ್ನು ಕೇಳಿದಿರಿ, ಹುಡುಗನನ್ನು ಕೇಳಿದಿರಾ ಎಂದು ಪ್ರಶ್ನಿಸಿದೆನು. ಕೇಳಿರಲಿಲ್ಲ. ಕೇಳಿದಾಗ ತಿಳಿದುದೇನೆಂದರೆ, ಹುಡುಗನಿಗೆ ಹಣ ಬೇಕಾದುದು ತಂಗಿಯ ಶಾಲೆಯ ವ್ಯಾನಿನ ಬಾಕಿಗಾಗಿ. ಒಟ್ಟು ಬೇಕಾದುದು ಇಷ್ಟೇ ಎಂದು ಅವನು ಲೆಕ್ಕಹಾಕಿಟ್ಟಿದ್ದನು. ಕೊನೆಯಿಲ್ಲದ ದುಡಿಮೆಯ ಪ್ರಶ್ನೆಯು ಆರು ತಿಂಗಳ ಪ್ರಶ್ನೆಯಾಯಿತು.

೫

ಯಾವ ಕೆಲಸವನ್ನು ಹುಡುಕಬೇಕು? ಕಮ್ಮನಹಳ್ಳಿಯು ಈಗ ಬಹುಭಾಷೆಗಳ ಊರು. ಕನ್ನಡ, ತಮಿಳು, ತೆಲುಗು, ಉರ್ದು, ಮಲೆಯಾಳಗಳಲ್ಲದೆ ಉತ್ತರದೇಶದವರ ಹಿಂದಿಯೂ, ಕಾಲೇಜುಗಳಿಗಾಗಿ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳಿಂದ ಬಂದ ವಿದ್ಯಾರ್ಥಿಗಳ ನುಡಿಗಳೂ ಒಂದೇ ಬೀದಿಯಲ್ಲಿ ಕೇಳಬರುತ್ತವೆ. ಇಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಮೂರು ನಾಲ್ಕು ಮಾತುಗಳು ಪ್ರಯಾಸವಿಲ್ಲದೆ ಬರುತ್ತವೆ. ಅವನು ಅದನ್ನು ವಿದ್ಯೆಯೆಂದೇ ಎಣಿಸುವುದಿಲ್ಲ. ಹೊಸದಾಗಿ ಬಂದ ಸಂಸಾರಗಳ ಮಕ್ಕಳು ಶಾಲೆಯಲ್ಲಿ ಕನ್ನಡ ಅಕ್ಷರಗಳ ಮುಂದೆ ಕಂಗೆಟ್ಟು ಕೂತಿರುತ್ತಾರೆ. ಎರಡನೆಯ ಮೂರನೆಯ ತರಗತಿಯ ಅಂಥ ಮಕ್ಕಳಿಗೆ ವಾರಕ್ಕೆರಡು ದಿನ ಕಾಗುಣಿತವನ್ನೂ ಮಾತುಕತೆಯನ್ನೂ ಹೇಳಿಕೊಡುವ ಕೆಲಸವು ೧೪-೧೫ರ ವಯಸ್ಸಿಗೆ ತಕ್ಕುದು. ಕಲಿಸುವ ಸ್ಥಳವು ಹುಡುಗನ ಮನೆಯೋ, ಶಾಲೆಯ ಜಗುಲಿಯೋ, ಹಿರಿಯರ ಕಣ್ಣಳವಿನ ಜಾಗವೋ ಆಗಿರಲಿ. ಹೆಣ್ಣುಮಕ್ಕಳಾಗಲಿ ಗಂಡುಮಕ್ಕಳಾಗಲಿ ಪರಿಚಯವಿಲ್ಲದ ಮನೆಗೆ ಒಬ್ಬರೇ ಹೋಗುವುದು ಬೇಡ.

ಅಂಗಡಿಯ ಕೆಲಸವೇ ಬೇಕೆಂದರೆ ಸ್ಟೇಷನರಿ ಮತ್ತು ಜೆರಾಕ್ಸಿನ ಅಂಗಡಿ, ಬಟ್ಟೆಯಂಗಡಿಯಲ್ಲಿ ಮಡಿಸಿಡುವ ಕೆಲಸ, ಬೇಕರಿಯ ಮುಂಗಟ್ಟೆ ಇವು ಆಗಬಹುದು. ಬೇಕರಿಯ ಒಲೆಯ ಕಡೆಯಲ್ಲ. ಮೊಬೈಲಿನಲ್ಲಿ ಆರ್ಡರು ಪಡೆದು ಸ್ಕೂಟರಿನಲ್ಲಿ ಊಟ ತಲುಪಿಸುವ ಕೆಲಸವು ಹುಡುಗರಿಗೆ ಬಹಳ ಆಕರ್ಷಕವಾಗಿ ಕಾಣುತ್ತದೆ. ಅಣ್ಣಂದಿರ ಹೆಸರಿನಲ್ಲಿ ತಮ್ಮಂದಿರು ಗಾಡಿ ಓಡಿಸುವುದೂ ಉಂಟು. ಇದನ್ನು ಕಟ್ಟುನಿಟ್ಟಾಗಿ ತಡೆಯಬೇಕು. ೨೦೧೯ರ ತಿದ್ದುಪಡಿಯಾದ ಮೋಟಾರು ವಾಹನ ಕಾನೂನಿನಂತೆ ಅಪ್ರಾಪ್ತವಯಸ್ಕನು ವಾಹನವನ್ನು ಓಡಿಸಿ ಅಪರಾಧವಾದರೆ ಪೋಷಕನೇ ಅಥವಾ ವಾಹನದ ಒಡೆಯನೇ ಅಪರಾಧಿ. ೩ ವರ್ಷಗಳವರೆಗೆ ಸೆರೆ, ೨೫,೦೦೦ ರೂಪಾಯಿ ದಂಡ. ಹುಡುಗನಿಗೆ ೨೫ ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ಒಪ್ಪೊತ್ತಿನ ಸಂಪಾದನೆಗೆ ಇಷ್ಟು ಬೆಲೆ ತೆರಲಾಗದು.

ಕೆಲಸವನ್ನು ಕೇಳುವ ಬಗೆಯಲ್ಲಿ ಕನ್ನಡ ಉಪಾಧ್ಯಾಯರ ಪಾತ್ರವು ವಿಶೇಷವಾದುದು. ಪ್ರೌಢಶಾಲೆಯ ಪರೀಕ್ಷೆಯಲ್ಲಿ ಪತ್ರಲೇಖನಕ್ಕೆ ಅಂಕಗಳುಂಟು; ಮಕ್ಕಳು ‘ಇಂದ’, ‘ಇವರಿಗೆ’, ‘ವಿಷಯ’ಗಳನ್ನು ಬಾಯಿಪಾಠಮಾಡಿ ಎಂದೂ ಅಂಚೆಗೆ ಹೋಗದ ಪತ್ರಗಳನ್ನು ಬರೆಯುತ್ತಾರೆ. ನಮ್ಮ ಮಿತ್ರರು ಈ ಹುಡುಗನಿಂದ ನಿಜವಾದ ಒಂದು ಪತ್ರವನ್ನು ಬರೆಯಿಸಿದರು. ಮೊದಲನೆಯ ಕರಡಿನಲ್ಲಿ ‘ತಮ್ಮ ಘನವಾದ ಅಂಗಡಿಯಲ್ಲಿ ಸೇವೆ ಸಲ್ಲಿಸುವ ಸದವಕಾಶ’ ಇತ್ಯಾದಿ ಆಡಂಬರವೇ ಒಂದು ಪುಟವಾಗಿತ್ತಂತೆ. ಅದನ್ನು ತಿದ್ದಿ ತಿದ್ದಿ ಉಳಿದುದು ಐದು ವಾಕ್ಯಗಳು: ತಾನು ಯಾರು, ವಯಸ್ಸೆಷ್ಟು, ಯಾವ ಯಾವ ಮಾತು ಬರುತ್ತದೆ, ಯಾವ ಹೊತ್ತಿನಲ್ಲಿ ಬರಬಲ್ಲೆ, ಯಾವ ಹೊತ್ತಿನಲ್ಲಿ ಬರಲಾರೆ. ಕಡೆಯ ವಾಕ್ಯವನ್ನು ಬರೆಯಲು ಹುಡುಗನು ಬಹಳ ಸಂಕೋಚಪಟ್ಟನಂತೆ. ದೊಡ್ಡವರಿಗೆ ‘ಆಗುವುದಿಲ್ಲ’ವೆಂದು ಮರ್ಯಾದೆಯಿಂದ ಹೇಳುವ ವಾಕ್ಯರಚನೆಯನ್ನು ನಮ್ಮ ಯಾವ ವ್ಯಾಕರಣಪಾಠದಲ್ಲಿಯೂ ಕಲಿಸುವುದಿಲ್ಲವೆಂದು ಮಿತ್ರರು ಬರೆದಿದ್ದಾರೆ, ನಿಜವೇ.

ಪತ್ರವನ್ನು ಹುಡುಗನೇ ಕೊಂಡುಹೋಗಬೇಕು, ತಾಯಿಯವರು ಜೊತೆಗಿರಬೇಕು, ಮಾತನ್ನು ಹುಡುಗನೇ ಆಡಬೇಕು. ಉಪಾಧ್ಯಾಯನು ಜೊತೆಗೆ ಹೋದರೆ ಅಂಗಡಿಯವನು ದಾಕ್ಷಿಣ್ಯಕ್ಕೆ ಒಪ್ಪಿಕೊಳ್ಳುವನು. ದಾಕ್ಷಿಣ್ಯಕ್ಕೆ ಕೊಟ್ಟ ಕೆಲಸದಲ್ಲಿ ಮುಂದೆ ಹುಡುಗನು ಏನನ್ನೂ ಕೇಳಲಾರನು. ಸಂಬಳವನ್ನು ಮೊದಲೇ ಗಂಟೆಯ ಲೆಕ್ಕದಲ್ಲಿ ಆಡಿಕೊಳ್ಳಬೇಕು. ಸರ್ಕಾರವು ಆಯಾ ಕಸಬಿಗೆ ಪ್ರಕಟಿಸುವ ಕನಿಷ್ಠ ವೇತನದ ದಿನದ ದರವನ್ನು ೮ರಿಂದ ಭಾಗಿಸಿದರೆ ಗಂಟೆಗೆ ಎಷ್ಟೆಂಬುದು ಸ್ಥೂಲವಾಗಿ ತಿಳಿಯುತ್ತದೆ. ಅದಕ್ಕಿಂತ ಕಡಮೆಗೆ ಒಪ್ಪುವುದು ಬೇಡ. ಹಣವನ್ನು ಹುಡುಗನ ಕೈಗೇ ಅಥವಾ ಅವನ ಬ್ಯಾಂಕಿನ ಖಾತೆಗೇ ಕೊಡಬೇಕು. ೧೦ ವರ್ಷ ತುಂಬಿದವರು ತಾವೇ ಉಳಿತಾಯದ ಖಾತೆಯನ್ನು ತೆರೆದು ನಡೆಸಿಕೊಳ್ಳಲು ಬ್ಯಾಂಕುಗಳು ಅನುಮತಿಸಬಹುದೆಂದು ರಿಸರ್ವ್ ಬ್ಯಾಂಕು ೨೦೨೫ರ ಏಪ್ರಿಲಿನಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಜನನಪತ್ರದ ಅಥವಾ ಶಾಲೆಯ ದಾಖಲೆಯ ಪ್ರತಿಯೊಂದು ಅಂಗಡಿಯಲ್ಲಿರಲಿ. ಮೂಲಪತ್ರವನ್ನು ಮಾತ್ರ ಯಾರಿಗೂ ಒತ್ತೆಯಿಡಬಾರದು. ಹೊಡೆತ, ಬೈಗುಳ, ಸಂಬಳವನ್ನು ಹಿಡಿದಿಡುವುದು ಕಂಡುಬಂದರೆ ೧೦೯೮ಕ್ಕೆ ದೂರವಾಣಿ ಮಾಡಬಹುದೆಂಬುದನ್ನು ಹುಡುಗನಿಗೆ ಹೇಳಿಕೊಟ್ಟಿರಬೇಕು.

ಮಿತ್ರರ ಎರಡನೆಯ ಕಾಗದವು ಮೊನ್ನೆ ಬಂದಿತು. ಮೊದಲು ಹೋದ ಎರಡು ಅಂಗಡಿಗಳವರು ‘ರಾತ್ರಿ ಇರುವುದಾದರೆ ಬಾ’ ಎಂದು ಹೇಳಿ ಕಳುಹಿಸಿದರಂತೆ. ಮೂರನೆಯದು ಒಂದು ಜೆರಾಕ್ಸಿನ ಅಂಗಡಿ; ಅದರ ಒಡತಿಯವರು ಪತ್ರವನ್ನು ಓದಿ, ‘ಬರಲಾರೆ’ ಎಂಬ ವಾಕ್ಯದ ಕೆಳಗೆ ಗೆರೆ ಎಳೆದು, ಹುಡುಗನನ್ನು ನೋಡಿ ನಕ್ಕರಂತೆ. ಶನಿವಾರ ಮಧ್ಯಾಹ್ನ ೨ರಿಂದ ೫, ಭಾನುವಾರ ಬೆಳಿಗ್ಗೆ ೧೦ರಿಂದ ೧. ಜೊತೆಗೆ ಬುಧವಾರ ಸಂಜೆ ಎದುರುಮನೆಯ ಬಿಹಾರದ ಸಂಸಾರದ ಇಬ್ಬರು ಮಕ್ಕಳಿಗೆ ಶಾಲೆಯ ಜಗುಲಿಯ ಮೇಲೆ ಕನ್ನಡ ಪಾಠ. ಹತ್ತನೆಯ ತರಗತಿಯು ಆರಂಭವಾಗುವ ಜೂನ್ ತಿಂಗಳಿನಿಂದ ಅಂಗಡಿಯನ್ನು ಬಿಡುವುದೆಂದು ಮೊದಲೇ ಮಾತಾಗಿದೆ. ಪಾಠವನ್ನು ಬಿಡಲು ಹುಡುಗನಿಗೆ ಮನಸ್ಸಿಲ್ಲವಂತೆ. ಮೊದಲ ತಿಂಗಳ ಸಂಬಳವನ್ನು ಒಡತಿಯವರು ಲಕೋಟೆಯಲ್ಲಿಟ್ಟು ಮೇಲೆ ಗಂಟೆಗಳ ಲೆಕ್ಕವನ್ನು ಬರೆದು ಕೊಟ್ಟರು. ಅದರಲ್ಲಿ ಒಂದು ಗಂಟೆ ಹೆಚ್ಚಾಗಿ ಬಿದ್ದಿದ್ದುದನ್ನು ಹುಡುಗನೇ ಕಂಡು, ತಿದ್ದಿಸಿಕೊಂಡು ಬಂದನೆಂದು ಮಿತ್ರರು ಬರೆದಿದ್ದಾರೆ.